ಲೋಟದ ಹಿಂದಿನ ಬೆರಳು

ಬಿಳಿ ಬಿಟ್ಟಿದ್ದು ಸರಿಯಾಗಿದೆ, ಲೋಟದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬರಿಯ ಕಾಗದ, ಅದೇ ಹೊಳಪು, ಅಲ್ಲಿ ಪೆನ್ಸಿಲ್ ತಾಗಿಸಿದರೆ ಗಾಜು ಹೋಗಿ ತಗಡಾಗುತ್ತದೆ — ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಹೇಳಿದ್ದೂ ಇದನ್ನೇ, ಗಾಜನ್ನ ಬಿಡಿಸೋಕೆ ಹೋಗ್ಬೇಡ್ರೋ, ಅದರ ಹಿಂದೆ ಏನು ಕಾಣುತ್ತೋ ಅದನ್ನ ಬಿಡಿಸಿ, ಡೊಂಕಾಗಿದ್ರೆ ಡೊಂಕಾಗೇ ಬಿಡಿಸಿ, ಅದು ಏನು ಅಂತ ಯೋಚಿಸ್ಬೇಡಿ, ಆಕಾರ ಮಾತ್ರ ನೋಡಿ — ಡ್ರಾಯಿಂಗ್ ಮೇಷ್ಟ್ರು, ಮಹಾ ಬುದ್ಧಿವಂತ, ಆಕಾರ ಮಾತ್ರ ನೋಡಿದ, ಕಣ್ಣಿದ್ದೂ ಕುರುಡ. ಹಾಸಿಗೆ ಪಕ್ಕದ ಸ್ಟೂಲು ಅಲ್ಲೇ ಇದೆ, ಲೋಟವೂ ಇದೆ, ಇಪ್ಪತ್ತು ದಿನದಲ್ಲಿ ನೀರು ಎರಡು ಬೆರಳು ಇಳಿದಿದೆ, ಗಾಳಿಯೇ ಕುಡಿದದ್ದು, ಬೇರೆ ಯಾರು ಕುಡಿದರು. ಅವತ್ತು ಬೆಳಿಗ್ಗೆ ಕಿಟಕಿಯ ಬಿಸಿಲು ಆ ನೀರಿಗಿಳಿದು ಸ್ಟೂಲಿನ ಮೇಲೆ ಚೆಲ್ಲಿತ್ತು, ಆರು ತಿಂಗಳು ಹಾಸಿಗೆ ಹಿಡಿದ ಹೆಂಡತಿಯ ಆರೈಕೆಯಲ್ಲಿ ಪೆನ್ಸಿಲ್ ಮುಟ್ಟದ ಕೈ ತುಡಿಯಿತು, ಅವಳಿಗೆ ನಿದ್ದೆ, ಬಿಡಿಸಲು ಕೂತ — ರೀ, ನೀರು — ಇರೇ, ಎರಡು ನಿಮಿಷ, ಲೋಟ ಅಲ್ಲಾಡಿಸ್ಬೇಡ, ಬೆಳಕು ಹೋಗ್ಬಿಡುತ್ತೆ — ಆಯ್ತು ಮಹಾರಾಯ್ರೇ, ನಿಮ್ಮ ಲೋಟ ನೀವೇ ಇಟ್ಕೊಳ್ಳಿ, ಅಂತ ನಕ್ಕಳು, ಅಯ್ಯೋ, ನಕ್ಕಳಲ್ಲ, ಮೂವತ್ತೆಂಟು ವರ್ಷ ಹೀಗೇ ಕಾದವಳು, ಹಣ್ಣು ಮುಟ್ಟಬೇಡ, ಹೂಜಿ ಸರಿಸಬೇಡ ಎಂದರೆ ಕೈ ಕಟ್ಟಿ ನಿಲ್ಲುತ್ತಿದ್ದಳು, ಆಮೇಲೆ ನೀರಿನ ಹಿಂದೆ ಹೊಸದೇನೋ ಬಂತು, ನಾಲ್ಕು ಮಸುಕು ಪಟ್ಟೆ, ನಡುವೆ ಮುರಿದು ಪಕ್ಕಕ್ಕೆ ಸರಿದ ಹಾಗೆ, ಎಷ್ಟು ಚೆಂದ ಎಂದು ಖುಷಿಯಾಯಿತು, ಖುಷಿ, ನಾಚಿಕೆಗೆಟ್ಟವನಿಗೆ, ಬೇಗ ಬೇಗ ಗೀಚಿದ, ತಲೆ ಎತ್ತಿ ಆಚೆ ನೋಡುವ ಹೊತ್ತಿಗೆ ಅವಳ ಚಾಚಿದ ಕೈ ಅಲುಗುತ್ತಿರಲಿಲ್ಲ.

ನೀರು ಕೊಟ್ಟಿದ್ರೂ ಅಷ್ಟೇ, ಹೃದಯ ನಿಂತಿದ್ದು, ಅಂದರು ಡಾಕ್ಟರು, ಅಷ್ಟೇ ಇರಬಹುದು, ಆದರೆ ಬಾಯಿ ಒಣಗಿ ಹೋಗುತ್ತಿರಲಿಲ್ಲವಲ್ಲ — ಅಪ್ಪಾ, ಮುಗೀತಾ, ಭುಜದ ಹಿಂದೆ ಮಗಳು, ಅಬ್ಬಾ, ನಿಜವಾದ ನೀರೇ, ಎತ್ತಿ ಕುಡೀಬೇಕು ಅನ್ಸುತ್ತೆ, ಅಮ್ಮ ನೋಡ್ಬೇಕಿತ್ತು, ಹಿಂದೆ ಇದೇನಪ್ಪಾ, ಪರದೆ ನೆರಿಗೆನಾ — ಹೇಳು, ಈಗಲಾದರೂ ಹೇಳಿಬಿಡು — ಹೂಂ, ನೆರಿಗೆ, ಬಾಯಿಂದ ಬಂದದ್ದು ಅದೇ, ಮಗಳು ಒಳಗೆ ಹೋದಳು, ರಬ್ಬರ್ ಕೈಯಲ್ಲೇ ಇದೆ, ಉಜ್ಜಿದರೆ ಹೋಗುತ್ತದೆ, ಬರಿಯ ಗೋಡೆ ಬರೆದರಾಯಿತು, ಯಾರಿಗೆ ಗೊತ್ತಾಗಬೇಕು, ಆದರೆ ಅವಳ ಕೈ ಇನ್ನು ಉಳಿದಿರುವುದು ಅಲ್ಲೊಂದೇ, ನೀರಿನ ಹಿಂದೆ, ಲೋಟಕ್ಕೆ ಒಂದಂಗುಲ ಬಾಕಿ, ನಾಲ್ಕು ಬೆರಳು, ರೀ, ನೀರು, ನಾಲ್ಕು ಬೆರಳು