ಹಿಡಿಯ ಕಡೆಯ ತುಂಡು

ಭೀಮರಾಜ ಲೇತ್ ನಿಲ್ಲಿಸಿದ. ಮ್ಯಾಂಡ್ರಲ್ ಎಂಬ ತೆಳು ಉಕ್ಕಿನ ಸರಳಿಗೆ ಪೋಣಿಸಿದ್ದ ಮರದ ತುಂಡು ಸೀಳಿತ್ತು. ಒಂದು ಪಕ್ಕ ದಪ್ಪ. ಇನ್ನೊಂದು ಪಕ್ಕ ಪೆನ್ನಿನ ರೀಫಿಲ್‌ಗೆಂದು ಒಳಗೆ ಕೂರಿಸಿದ್ದ ಹಿತ್ತಾಳೆ ಕೊಳವೆ ಕಾಣುವಷ್ಟು ತೆಳು.

ಅದು ಮಾಗಳದ ಕುರಿಗಾರ ಯರ್ರೆಪ್ಪನ ಕೋಲಿನ ತುಂಡು. ಅವನನ್ನು ಮಣ್ಣು ಮಾಡುವಾಗ ಕೋಲನ್ನೂ ಜೊತೆಗಿಟ್ಟಿದ್ದರು. ಹೆಂಡತಿ ಈರಕ್ಕ ಮಾತ್ರ ಅದಕ್ಕೆ ಮೊದಲೇ, ಯಾರಿಗೂ ಹೇಳದೆ, ಹಿಡಿಯಷ್ಟನ್ನು ಕೊಯ್ದಿಟ್ಟುಕೊಂಡಿದ್ದಳು. ಹೊಸದಾಗಿ ನೌಕರಿಗೆ ಸೇರುವ ಮಗಳು ಭೂಮಿಕಾಗೆ ಅದರಲ್ಲೊಂದು ಪೆನ್ನು ಮಾಡಿಸಲೆಂದು ಹರಪನಹಳ್ಳಿಯ ಈ ಅಂಗಡಿಗೆ ತಂದುಕೊಟ್ಟಿದ್ದಳು. ಹಿಡಿಯಲ್ಲಿ ಬಂದದ್ದು ಎರಡೇ ತುಂಡು. ಈಗ ಒಂದು ಉಳಿಯಿತು.

"ಇನ್ನೊಂದೀಟು ಬಿಗೀಬೇಕಿತ್ತು," ಎಂದ.

"ಬಿಗಿದಿದ್ದಕ್ಕ ಹಿಂಗಾತು," ಪಾಲಿಶ್ ಹಚ್ಚುತ್ತಿದ್ದ ಹೆಂಡತಿ ಸುಮಂಗಲಾ ಕೂತಲ್ಲಿಂದಲೇ ಅಂದಳು. "ನಟ್ ತಿರುವಿದಂಗೆಲ್ಲ ಲೇತಿನ ದನಿ ಒಡೀತಿತ್ತು. ನಿಮಗ ದೇವರು ಬರೇ ಕೈ ಕೊಟ್ಟಾನ, ಕಿವಿ ಮರ್ತಾನ."

ಸರಳನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿದ. ಕೆಳಗಿನಿಂದ ಬೆಳಕು ಇಣುಕಿ ಇಣುಕಿ ಹೋಯಿತು. ಬಿಗಿತಕ್ಕೆ ಸರಳು ಬಾಗಿತ್ತು. ಎರಡು ತುಂಡು ಒಟ್ಟಿಗೆ ಹಿಡಿಯಲೆಂದು ಉದ್ದನೆಯದನ್ನೇ ಆರಿಸಿ ತಂದವನು ಅವನೇ.

ಇನ್ನೊಂದು ಸರಳನ್ನು ಒಂದೇ ತುಂಡಿಗೆ ಸಾಲುವಷ್ಟು ಗಿಡ್ಡ ಮಾಡಿ, ತುದಿಗೆ ಹೊಸದಾಗಿ ನಟ್ ಕೂರುವ ಥ್ರೆಡ್ ಹಾಕಿದ. ನಟ್ಟನ್ನು ಬೆರಳಲ್ಲಷ್ಟೇ ಬಿಗಿದು, ಪರೀಕ್ಷೆಗೆಂದು ಮೊದಲು ಬೇವಿನ ತುಂಡನ್ನು ತಿರುಗಿಸಿದ. ಸುಮಂಗಲಾ ಕಣ್ಣು ಮುಚ್ಚಿ ಕೇಳಿದಳು.

"ಈಗ ಒಂದೇ ದನಿ ಐತಿ."

ಈರಕ್ಕ ಬಂದಾಗ ಸೀಳಿದ್ದನ್ನು ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಎದುರಿಗಿಟ್ಟ.

"ಕೆಡಿಸಿಬಿಟ್ಟೆ ಯಕ್ಕ."

ಅವಳು ಬೈಯಲಿಲ್ಲ. "ಉಳಿದದ್ದನ್ನ ನನ್ನ ಮುಂದ ಮಾಡು ತಮ್ಮ," ಎಂದು ಸ್ಟೂಲ್ ಎಳೆದು ಕೂತಳು.

ಲೇತ್ ತಿರುಗಿತು. ಒಂದು ತುದಿಗೆ ಉಳಿ ತಾಗಿದ್ದೇ ತಡ, ಕೈಯಾಡಿ ಕೈಯಾಡಿ ಎಣ್ಣೆಗಪ್ಪಾಗಿದ್ದ ಮೇಲ್ಮೈ ಸುರುಳಿಯಾಗಿ ಹಾರಿತು. ಒಳಗಿನ ಬಿಳಿ ಮರ ಕಂಡಿತು.

"ನಿಲ್ಸು! ನಿಲ್ಸಪಾ!"

ನಿಲ್ಲಿಸಿದ. "ಸರಿಯಾಗೇ ಬರಾಕತ್ತೈತಲ್ಲ ಯಕ್ಕ. ಚೂರೂ ಅದುರಿಲ್ಲ."

"ಸರಿ ಐತಿ. ಆದ್ರ ಅವರು ಹಿಡಿದಿದ್ದು ಮ್ಯಾಗಿಂದು. ಈ ಬಿಳೇದನ್ನ ಅವರು ಯಾವತ್ತೂ ಮುಟ್ಟಿಲ್ಲ."

ಸರಳು, ನಟ್, ದನಿ ಎಲ್ಲ ಯೋಚಿಸಿದ್ದ ಭೀಮರಾಜ. ಇದನ್ನಲ್ಲ.

"ಎರಡು ತುದಿ ಅಷ್ಟ ಇಳಿಸಿ, ನಡುವಿಂದು ಹಂಗ ಬಿಡಬಹುದು," ಎಂದ ಕೊನೆಗೆ. "ಪೆನ್ನು ದಪ್ಪ ಆಕ್ಕತಿ. ಬರಿಯಾಕ ತ್ರಾಸು."

"ಅವರ ಬೆರಳೇನು ಸಣ್ಣವಾ? ಮಗಳವೂ ಹಂಗ ಅದಾವು. ಮಾಡು."

ಭೀಮರಾಜ ಮತ್ತೆ ಲೇತ್ ಹಚ್ಚಿದ. ಒಂದೊಂದು ಕೂದಲಿನಷ್ಟೇ ತೆಗೆಯುತ್ತ ತುದಿಗಳನ್ನು ಇಳಿಸಿದ. ಬಿಚ್ಚಿ ಕೈಗೆ ಕೊಟ್ಟಾಗ ನಡುವೆ ಹೆಬ್ಬೆರಳಗಲದ ಕಪ್ಪು ಉಳಿದಿತ್ತು.

"ಇಷ್ಟೇನಾ ಉಳಿದದ್ದು?"

"ಇಷ್ಟ, ಯಕ್ಕ."

ಅವಳು ಆ ಕಪ್ಪಿನ ಮೇಲೆ ಹೆಬ್ಬೆರಳಿಟ್ಟಳು. ಪೆನ್ನಿನ ಉಳಿದ ಭಾಗ ಜೋಡಿಸಲು ಭೀಮರಾಜ ಕೈ ಚಾಚಿಯೇ ಇದ್ದ. ಅವಳು ಬೆರಳು ತೆಗೆಯಲಿಲ್ಲ.