ಏಳು ಸಲ ತೊಳೆದ ಡ್ರಮ್ಮು

ನಮ್ಮ ಬೀದಿಯಲ್ಲಿ ಒಂದು ಹಿಡಿ ಸೊಪ್ಪು ಬೆಳೆಯುವಷ್ಟು ಮಣ್ಣಿಲ್ಲ. ಮನೆ ಹಿಂದೆ ಇರುವುದು ಸಿಮೆಂಟು ನೆಲ, ಅದರಾಚೆ ಲಾರಿ ರಿಪೇರಿ ಶೆಡ್ಡಿನ ಗೋಡೆ. ತಳ್ಳುಗಾಡಿಯವನ ಸೊಪ್ಪು ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಊರೆಲ್ಲ ಸುತ್ತಿ ಬಾಡಿರುತ್ತದೆ, ಕಟ್ಟು ಬಿಚ್ಚಿದರೆ ಒಳಗೆ ಕೊಳೆತಿರುತ್ತದೆ. ಹೀಗಿರುವಾಗ ನನ್ನ ಬಸುರಿ ಸೊಸೆಗೆ ಐದು ತಿಂಗಳಾದಾಗ ಆಸ್ಪತ್ರೆಯಲ್ಲಿ ರಕ್ತ ಕಡಿಮೆ ಎಂದರು. ಮಾತ್ರೆ ಕೊಟ್ಟು, ಜೊತೆಗೆ ದಿನಾ ಹಸಿರು ಸೊಪ್ಪು, ಆಗಾಗ ಮೀನು ತಿನ್ನಿಸಿ ಎಂದರು. ಹೇಳುವವರಿಗೇನು, ಹೇಳಿಬಿಡುತ್ತಾರೆ.

ಈ ಕಥೆ ಹೇಳಿ ಎಂದು ನಮ್ಮ ಮಹಿಳಾ ಸಂಘದವರು ಕೇಳಿದಾಗ ಎರಡು ಸಲ ಬೇಡ ಎಂದೆ. ಇದರಲ್ಲಿ ನನ್ನ ತಪ್ಪೂ ಇದೆ. ಯಾರಿಗೆ ತಾನೆ ತನ್ನ ತಪ್ಪನ್ನು ಹತ್ತು ಜನರ ಮುಂದೆ ಬಿಚ್ಚಿಡಲು ಇಷ್ಟ? ಮೂರನೇ ಸಲ ಒಪ್ಪಿದೆ, ಯಾಕೆಂದರೆ ನಿಮ್ಮಲ್ಲಿ ಅನೇಕರ ಮನೆಯಲ್ಲಿ ನಮ್ಮ ಮನೆಯಲ್ಲಿದ್ದಂಥದ್ದೇ ನೀಲಿ ಡ್ರಮ್ಮು ನೋಡಿದ್ದೇನೆ.

ನಮ್ಮ ಯಜಮಾನರು ಡ್ರಮ್ಮು ತೊಳೆಯುವವರು. ಕಾರ್ಖಾನೆಗಳು ಬಿಸಾಕುವ ಖಾಲಿ ಡ್ರಮ್ಮುಗಳನ್ನು ತೊಳೆದು ಮಾರುವ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಡ್ರಮ್ಮಿಗೆ ಕಾಸ್ಟಿಕ್ ಸೋಡಾದ ಬಿಸಿನೀರು ಸುರಿದು, ಎರಡು ಹಿಡಿ ಜಲ್ಲಿ ಹಾಕಿ, ಮುಚ್ಚಳ ಬಿಗಿದು, ಅಂಗಳದ ಈ ತುದಿಯಿಂದ ಆ ತುದಿಗೆ ಉರುಳಿಸುವುದು ಅವರ ಕೆಲಸ. ಅಂಗೈ ಸುಲಿದು ಸುಲಿದು ಗೆರೆಗಳೇ ಅಳಿಸಿಹೋಗಿವೆ. ಕೈ ನೋಡಿ ಭವಿಷ್ಯ ಹೇಳುವವನಿಗೆ ನಿಮ್ಮ ಹತ್ತಿರ ವ್ಯಾಪಾರವಿಲ್ಲ ಎಂದು ನಾನು ಅವರನ್ನು ರೇಗಿಸುತ್ತಿದ್ದೆ.

ಬೀದಿಯ ಕೊನೆಯ ಮನೆಯಲ್ಲಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಹೆಂಗಸೊಬ್ಬರಿದ್ದಾರೆ. ಎಲ್ಲರೂ ಅವರನ್ನು ಮೀನು ಟೀಚರ್ ಎನ್ನುತ್ತಾರೆ. ಅವರ ಹಿತ್ತಲಲ್ಲೂ ನಮ್ಮಂತೆ ಸಿಮೆಂಟೇ. ಆದರೆ ಕೆಳಗೆ ಹಳೆಯ ಟ್ಯಾಂಕಿನಲ್ಲಿ ಮೀನು, ಮೇಲೆ ಜಲ್ಲಿ ತುಂಬಿದ ಅರ್ಧ ಡ್ರಮ್ಮಿನಲ್ಲಿ ಸೊಪ್ಪು. ಮೀನಿನ ಗಲೀಜು ನೀರನ್ನು ಚಿಕ್ಕ ಪಂಪು ಮೇಲೆತ್ತುತ್ತದೆ. ಜಲ್ಲಿಯ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಜೀವಿಗಳು ಆ ಗಲೀಜನ್ನು ಗೊಬ್ಬರ ಮಾಡುತ್ತವೆ, ಗಿಡ ಅದನ್ನು ಉಣ್ಣುತ್ತದೆ, ಶುದ್ಧವಾದ ನೀರು ಮತ್ತೆ ಮೀನಿಗೆ ಇಳಿಯುತ್ತದೆ. ಇದಕ್ಕೆ ಅಕ್ವಾಪೋನಿಕ್ಸ್ ಅನ್ನುತ್ತಾರಂತೆ.

ನಾನೂ ಯಜಮಾನರೂ ಹೋಗಿ ನೋಡಿದೆವು. ಟೀಚರ್ ಎಲ್ಲವನ್ನೂ ತಾಳ್ಮೆಯಿಂದ ಹೇಳಿದರು. ನಲ್ಲಿ ನೀರನ್ನು ಎರಡು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಮೊದಲ ತಿಂಗಳು ನಾಲ್ಕೇ ನಾಲ್ಕು ಮೀನು ಸಾಕು, ನೀರು ಪಳಗಬೇಕು. ಗಿಡಕ್ಕೆ ಹುಳ ಬಿದ್ದರೆ ಕೈಯಲ್ಲಿ ಆರಿಸಬೇಕು, ಔಷಧಿ ಹೊಡೆಯಬಾರದು. ಹೊರಡುವಾಗ ಗೇಟಿನ ಹತ್ತಿರ ನಿಲ್ಲಿಸಿ ಇನ್ನೊಂದು ಮಾತು ಹೇಳಿದರು.

“ಟ್ಯಾಂಕ್ ಹಳೇದಾದ್ರೆ ಪರವಾಗಿಲ್ಲ. ಆದ್ರೆ ಮೊದಲು ಅದರಲ್ಲಿ ತಿನ್ನೋ ಪದಾರ್ಥನೇ ಇದ್ದಿರಬೇಕು. ಅಡುಗೆ ಎಣ್ಣೆ, ಹಣ್ಣಿನ ರಸ, ಸಕ್ಕರೆ ಪಾಕ, ಅಂಥದ್ದು. ಏನಿತ್ತು ಅಂತ ಗೊತ್ತಿಲ್ದಿದ್ರೆ ಅದನ್ನ ಮುಟ್ಟಬೇಡಿ.”

ಯಜಮಾನರು ಹೂಂ ಎಂದರು. ಬೀದಿಗಿಳಿದ ಮೇಲೆ ನಕ್ಕರು. “ಮೀನಿಗೆ ಈಜು ಕಲಿಸಿದ ಹಾಗಾಯ್ತು ನೋಡು. ಡ್ರಮ್ಮಿನ ವಿಷಯ ನನಗೇ ಹೇಳಿಕೊಡ್ತಾರೆ.”

ಆ ವಾರವೇ ಯಾರ್ಡಿನಿಂದ ಮೂರು ನೀಲಿ ಪ್ಲಾಸ್ಟಿಕ್ ಡ್ರಮ್ಮು ಬಂದವು. ಚೀಟಿ ಕಿತ್ತಿದ್ದ ಜಾಗದಲ್ಲಿ ಗೋಂದಿನ ಕಲೆ ಇತ್ತು. ಯಾರ್ಡಿನಲ್ಲಿ ಒಂದು ಡ್ರಮ್ಮನ್ನು ಎರಡು ಸಲ ತೊಳೆದರೆ ಹೆಚ್ಚು. ಇವರು ಸೊಸೆಗೆಂದು ಏಳು ಸಲ ತೊಳೆದರು. ಮೂಗಿಟ್ಟು ನೋಡು ಎಂದು ನನ್ನನ್ನು ಕರೆದರು. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಒಂದನ್ನು ಉದ್ದಕ್ಕೆ ಸೀಳಿ ಎರಡು ದೋಣಿ ಮಾಡಿ ಜಲ್ಲಿ ತುಂಬಿದರು, ಒಂದಕ್ಕೆ ಮೀನು ಬಿಟ್ಟರು, ಇನ್ನೊಂದನ್ನು ಹೆಚ್ಚಿಗೆ ಇರಲಿ ಎಂದು ಮೂಲೆಯಲ್ಲಿಟ್ಟರು. ಅಷ್ಟು ಪ್ರೀತಿಯಿಂದ ಅವರು ನನಗೂ ಏನೂ ಮಾಡಿಕೊಟ್ಟಿರಲಿಲ್ಲ.

ಮೊದಲ ಮೀನುಗಳು ನಾಲ್ಕನೇ ದಿನ ಸತ್ತವು. ಟೀಚರ್ ಬಂದು ನೋಡಿ, ಹೊಸ ನೀರಿನಲ್ಲಿ ಹೀಗಾಗುವುದುಂಟು, ಆದರೂ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಕೇಳಿದರು. ಅಡುಗೆ ಎಣ್ಣೆ ಎಂದು ನಮ್ಮ ಯಜಮಾನರು ಹೇಳಿದರು. ಕಣ್ಣು ಕೂಡ ಮಿಟುಕಿಸಲಿಲ್ಲ, ನಾನೂ ನಂಬಿದೆ. ತಿಂಗಳು ಬಿಟ್ಟು ಮತ್ತೆ ಮೀನು ತಂದರು. ಅವು ಒಂದು ವಾರ ಬದುಕಿ, ಕೊನೆಗೆ ಸುತ್ತು ಹೊಡೆಯುತ್ತಾ ಹೊಟ್ಟೆ ಮೇಲಾಗಿ ತೇಲಿದವು. ಈ ಸಲ ಟೀಚರಿಗೆ ಹೇಳಿ ಕಳಿಸಲಿಲ್ಲ, ಅವರ ಪ್ರಶ್ನೆ ಯಾರಿಗೆ ಬೇಕು ಎಂದರು ಯಜಮಾನರು. ಆದರೆ ಸೊಪ್ಪು ಮಾತ್ರ ಒತ್ತಾಗಿ, ಕಡು ಹಸಿರಾಗಿ ಎದ್ದಿತು. ಮೀನು ಹೋದರೆ ಹೋಗಲಿ, ಸೊಪ್ಪಾದರೂ ಬಂತಲ್ಲ ಎಂದು ನಾನೇ ಕೊಯ್ದು ಬೇಯಿಸಿದೆ.

ಸೊಸೆ ಮೊದಲ ತುತ್ತಿಗೇ ಕೈ ನಿಲ್ಲಿಸಿದಳು. “ಅತ್ತೆ, ಇದು ಸೊಳ್ಳೆ ಔಷಧಿ ನಾತ ಬರ್ತಿದೆ.”

“ಬಸುರಿ ಮೂಗಿಗೆ ಮಲ್ಲಿಗೆನೂ ನಾರುತ್ತೆ. ಸುಮ್ಮನೆ ತಿನ್ನಮ್ಮ,” ಎಂದೆ. ಎಲ್ಲರೂ ನಕ್ಕೆವು, ವಾರಕ್ಕೊಮ್ಮೆ ಲಾರಿ ಇಳಿದು ಮನೆಗೆ ಬರುವ ನನ್ನ ಮಗನೂ ನಕ್ಕ. ಮಾವನ ಮನಸ್ಸು ನೋಯಬಾರದೆಂದು ಅವಳು ತಿಂದಳು. ಹದಿನಾರು ದಿನ ತಿಂದಳು. ಬಾಣಂತಿಗೆ, ಬಸುರಿಗೆ ಮೊದಲು ಬಡಿಸಬೇಕು ಎಂದು ನಾವ್ಯಾರೂ ಆ ಸೊಪ್ಪನ್ನು ಮುಟ್ಟಿರಲಿಲ್ಲ.

ಅವಳಿಗೆ ತಲೆನೋವು ಬಂತು, ಕೂತಲ್ಲೇ ಬೆವರುತ್ತಿದ್ದಳು, ಬಾಯಲ್ಲಿ ನೀರೂರುತ್ತದೆ ಎನ್ನುತ್ತಿದ್ದಳು. ತಿಂಗಳು ತುಂಬುತ್ತಿದೆ, ಇದೆಲ್ಲ ಇದ್ದದ್ದೇ ಎಂದೆ. ನಾನು ಮೂರು ಹೆತ್ತವಳು, ನನಗೆ ಎಲ್ಲ ಗೊತ್ತು ಎಂಬ ಜಂಬ. ಒಂದು ಬೆಳಿಗ್ಗೆ ಅವಳು ಬಚ್ಚಲ ಬಾಗಿಲಿಗೆ ಒರಗಿ ನಿಂತು, ಮಗು ನಿನ್ನೆಯಿಂದ ಮಿಸುಕಾಡುತ್ತಿಲ್ಲ ಎಂದಳು. ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ಮೆಷಿನ್ ಇಟ್ಟ ನರ್ಸು ಇನ್ನೊಬ್ಬ ನರ್ಸನ್ನು ಕರೆದಳು, ಅವಳು ಡಾಕ್ಟರನ್ನು ಕರೆದಳು. ಹೆಣ್ಣು ಮಗು. ಕೂದಲು ಒತ್ತಾಗಿತ್ತು.

ಸೊಸೆಯ ಬೆವರು, ಬಾಯಿನೀರಿನ ವಿಷಯ ಕೇಳಿ, ಮನೆಯಲ್ಲಿ ಕೀಟನಾಶಕ ಏನಾದರೂ ಇಟ್ಟಿದ್ದೀರಾ ಎಂದು ಡಾಕ್ಟರು ಕೇಳಿದರು. ನಾನು ಇಲ್ಲ ಎಂದೆ. ನಮ್ಮ ಯಜಮಾನರು ಎದ್ದು ಹೊರಗೆ ಹೋದರು. ವಿಷದಿಂದಲೇ ಮಗು ಹೋಯಿತು ಎಂದು ಡಾಕ್ಟರು ಹೇಳಲಿಲ್ಲ. ಅದರಿಂದ ಅಲ್ಲ ಎಂದೂ ಹೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗದೆಯೇ ನಾನು ಸಾಯುತ್ತೇನೆ.

ಒಂದು ವಾರ ಬಿಟ್ಟು ಮೀನು ಟೀಚರ್ ಮಾತಾಡಿಸಲು ಬಂದರು. ಯಜಮಾನರು ಮೂಲೆಯಲ್ಲಿದ್ದ ಹೆಚ್ಚಿನ ಡ್ರಮ್ಮನ್ನು ಅವರ ಎದುರೇ ಮತ್ತೆ ತೊಳೆದು, ಮುಚ್ಚಳ ಬಿಗಿದು ಬಿಸಿಲಿಗಿಟ್ಟರು. ನಾಳೆ ಮಧ್ಯಾಹ್ನ ಬನ್ನಿ ಎಂದರು. ಮರುದಿನ ಟೀಚರ್ ಎದುರು ಯಜಮಾನರು ಮುಚ್ಚಳ ತಿರುಗಿಸಿದಾಗ ಎರಡು ಮಾರು ದೂರ ನಿಂತಿದ್ದ ನನ್ನ ಮೂಗಿಗೂ ಹೊಡೆಯಿತು. ಸೊಸೆ ಹೇಳಿದ್ದ ಅದೇ ನಾತ.

“ನನಗೆ ಗೊತ್ತಿತ್ತು,” ಎಂದರು ಯಜಮಾನರು. “ಹುಳದ ಔಷಧಿ ಡ್ರಮ್ಮು ಇದು. ಯಾರ್ಡಲ್ಲಿ ನಾವು ಇದಕ್ಕೆ ಡ್ರಮ್ಮು ಬೆವರೋದು ಅಂತೀವಿ. ಎಷ್ಟೇ ತೊಳೀರಿ, ಮುಚ್ಚಿ ಬಿಸಿಲಿಗಿಟ್ರೆ ವಾಸನೆ ವಾಪಸ್ ಬರುತ್ತೆ. ಅದಕ್ಕೇ ಬೆಳಿಗ್ಗೆ ತೊಳೆದಿದ್ದನ್ನ ಬಿಸಿಲೇರೋದ್ರೊಳಗೆ ಮಾರಿಬಿಡ್ತೀವಿ. ಏಳು ಸಲ ತೊಳೆದ್ರೆ ಹೋಗುತ್ತೆ ಅಂದ್ಕೊಂಡೆ, ಟೀಚರಮ್ಮ.”

ಟೀಚರ್ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಪ್ಲಾಸ್ಟಿಕ್ಕು ವಿಷವನ್ನು ಕುಡಿದಿಟ್ಟುಕೊಳ್ಳುತ್ತದೆ, ತೊಳೆದರೆ ಹೋಗುವುದು ಮೇಲಿನದಷ್ಟೇ, ಒಳಗಿನದು ತಿಂಗಳುಗಟ್ಟಲೆ ನೀರಿಗೆ ಇಳಿಯುತ್ತಲೇ ಇರುತ್ತದೆ ಎಂದರು. “ವಾಸನೆ ಬಂದ್ರೆ ವಿಷ ಇದೆ ಅಂತ ಗೊತ್ತಾಗುತ್ತೆ. ಬರದಿದ್ರೆ ಇಲ್ಲ ಅಂತ ಅಲ್ಲ. ಕೆಲವು ವಿಷಕ್ಕೆ ವಾಸನೆನೇ ಇರಲ್ಲ.”

ಸೊಸೆ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಾವನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. “ನಾನು ಹೇಳಿದ್ದೆ ಅಲ್ವಾ ಅತ್ತೆ,” ಎಂದಳು. ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದೆ.

ಎಷ್ಟೋ ತಿಂಗಳು ಹಿತ್ತಲಿಗೆ ಯಾರೂ ಕಾಲಿಡಲಿಲ್ಲ. ಮತ್ತೆ ಕಟ್ಟೋಣ ಎಂದವಳು ಸೊಸೆಯೇ. ಟೀಚರನ್ನು ಕರೆದುಕೊಂಡು ಬಿಸ್ಕತ್ ಕಾರ್ಖಾನೆಗೆ ಹೋಗಿ, ಸಕ್ಕರೆ ಪಾಕ ಬಂದಿದ್ದ ಎರಡು ಟ್ಯಾಂಕು ತಂದಳು. ಚೀಟಿ ಹಾಗೇ ಅಂಟಿಕೊಂಡಿತ್ತು, ಅದನ್ನು ಕೀಳಲು ಬಿಡಲಿಲ್ಲ. ಹಳೆಯ ಜಲ್ಲಿ, ಪೈಪು, ಪಂಪು ಯಾವುದನ್ನೂ ಬಳಸಲಿಲ್ಲ. ನಾಲ್ಕು ಮೀನು ಬಿಟ್ಟು ಆರು ವಾರ ಕಾದಳು, ನಾಲ್ಕೂ ಬದುಕಿದವು. ಮೊದಲ ಒಂದು ತಿಂಗಳ ಸೊಪ್ಪನ್ನು ನಾನೂ ಯಜಮಾನರೂ ತಿಂದೆವು, ಅವಳಿಗೆ ಕೊಡಲಿಲ್ಲ. ಈಗ ಅವಳೂ ತಿನ್ನುತ್ತಾಳೆ. ಅವಳ ರಕ್ತ ಏರಿದೆ, ನಗು ಇನ್ನೂ ಬಂದಿಲ್ಲ.

ನಮ್ಮ ಯಜಮಾನರು ಯಾರ್ಡಿಗೆ ಹೋಗಿ, ವಿಷ ತುಂಬಿದ್ದ ಡ್ರಮ್ಮುಗಳ ಮೇಲೆ ಕೆಂಪು ಬಣ್ಣದಲ್ಲಿ ಹಾಗೆಂದೇ ಬರೆಯತೊಡಗಿದರು. ಮಾಲೀಕ ಎರಡು ದಿನ ಸಹಿಸಿ ಮೂರನೇ ದಿನ ಮನೆಗೆ ಕಳಿಸಿದ. ಇಪ್ಪತ್ತೆರಡು ವರ್ಷದಲ್ಲಿ ತಾನು ತೊಳೆದಿದ್ದು ಎಷ್ಟು ಮನೆಯ ನೀರಿನ ಡ್ರಮ್ಮಾಗಿದೆಯೋ ಎಂದು ಈಗ ಊಟದ ನಡುವೆ ಎದ್ದುಬಿಡುತ್ತಾರೆ. ಬೀದಿ ಬೀದಿ ಸುತ್ತಿ ಬಾಗಿಲು ತಟ್ಟಿ, ನಿಮ್ಮ ಡ್ರಮ್ಮು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಕೆಲವರು ಹುಚ್ಚ ಎನ್ನುತ್ತಾರೆ.

ಅಕ್ಕಂದಿರೇ, ತಂಗಿಯರೇ, ಹಿತ್ತಲಲ್ಲಿ ಮೀನು ಸಾಕಿ, ಸೊಪ್ಪು ಬೆಳೆಯಿರಿ, ಮಣ್ಣಿಲ್ಲದವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಆದರೆ ಟ್ಯಾಂಕು ತರುವ ಮೊದಲು ಅದರಲ್ಲಿ ಏನಿತ್ತು ಎಂದು ಕೇಳಿ, ಚೀಟಿ ನೋಡಿ. ಮೀನು ಸತ್ತರೆ ಸೊಪ್ಪನ್ನೂ ತಿನ್ನಬೇಡಿ. ಮನೆಯಲ್ಲಿ ಯಾರಾದರೂ ನಾರುತ್ತಿದೆ ಎಂದರೆ ನಗಬೇಡಿ. ಇವತ್ತೇ ಹೋಗಿ ನಿಮ್ಮ ನೀರಿನ ಡ್ರಮ್ಮನ್ನು ನೋಡಿ. ಅದರಲ್ಲಿ ಮೊದಲು ಏನಿತ್ತೆಂದು ಯಾರೂ ಹೇಳಲಾರದಿದ್ದರೆ ನೀರು ತುಂಬಬೇಡಿ, ಮಾರಬೇಡಿ, ಯಾರಿಗೂ ಕೊಡಬೇಡಿ. ಮತ್ತೆ ಯಾರ ಮನೆಗೂ ಹೋಗದಂತೆ ತಳಕ್ಕೆ ತೂತು ಕೊರೆಯಿರಿ. ಒಂದು ಡ್ರಮ್ಮು ಹೋದರೆ ಇನ್ನೊಂದು ಸಿಗುತ್ತದೆ. ನನ್ನ ಮೊಮ್ಮಗಳನ್ನು ನಾವು ಹೆಸರು ಕೂಡ ಇಡದೆ ಮಣ್ಣು ಮಾಡಿ ಬಂದೆವು.