ಬಚ್ಚಿಟ್ಟ ತುರಿಮಣೆ

ಸಕ್ಕರೆ ಬೊಂಬೆಯ ತಲೆ ಆಗಲೇ ಹೋಗಿತ್ತು. ಹಳದಿ ಶಾಲಿನ ಹೆಂಗಸೊಬ್ಬಳು ಅಮ್ಮನ ಕುರ್ಚಿಯಲ್ಲಿ ಆರಾಮಾಗಿ ಕೂತು, ಕುದುರೆ ಸವಾರನಂತಿದ್ದ ಆ ಬೊಂಬೆಯ ಕೈಯನ್ನು ಲಟಕ್ಕನೆ ಮುರಿದು ಪಕ್ಕದವನ ಬಾಯಿಗಿಡುತ್ತಿದ್ದಳು. ಸ್ಮಶಾನದಿಂದ ಬಂದ ನಿನ್ಫಾ ಬಾಗಿಲಲ್ಲೇ ನಿಂತುಬಿಟ್ಟಳು. ತೊಟ್ಟ ಕೋಟಿಗೆ ಸೇವಂತಿಗೆಯ ಕಹಿ ವಾಸನೆ ಇನ್ನೂ ಅಂಟಿಕೊಂಡಿತ್ತು.

ಮೇಜಿನ ಸುತ್ತ ನಾಲ್ವರು ಪ್ರವಾಸಿಗಳು. ನಿನ್ನೆ ಸಂಜೆ ಅವಳೇ ಒಂದು ಸುಕ್ಕೂ ಇಲ್ಲದ ಹಾಗೆ ಹಾಸಿದ್ದ ಕಸೂತಿ ಬಟ್ಟೆಯ ತುಂಬ ಎಣ್ಣೆ, ಬ್ರೆಡ್ಡಿನ ಎಳ್ಳು. ಬಾದಾಮಿ ಹಿಟ್ಟಿನಲ್ಲಿ ಮಾಡಿದ ಅಂಜೂರದಾಕಾರದ ಮಿಠಾಯಿಗಳಲ್ಲಿ ಒಂದೂ ಉಳಿದಿರಲಿಲ್ಲ. ಅಮ್ಮನ ವೈನ್ ಲೋಟದ ಅಂಚಿಗೆ ಯಾರದೋ ತುಟಿಯ ಬಣ್ಣ ಮೆತ್ತಿತ್ತು.

"ಬಂದ್ಯಾ ಅಕ್ಕ? ಬಾ ಬಾ, ನಿನ್ನ ವಿಷಯಾನೇ ಹೇಳ್ತಿದ್ದೆ ಇವ್ರಿಗೆ," ಅಂದ ನೂನ್ಸಿಯೊ. ಬಂದವರಿಗೆ ಊರು ತೋರಿಸಿ, ಸಂತೆ ಸುತ್ತಿಸಿ, ತಿನ್ನಿಸಿ ಕಳಿಸುವುದು ಅವಳ ಈ ತಮ್ಮನ ಕಸುಬು. ಗುಂಪು ಚದುರದಿರಲೆಂದು ಎತ್ತಿ ಹಿಡಿಯುವ ಕೆಂಪು ಕೊಡೆಯನ್ನು ಅಮ್ಮನ ಹಾಸಿಗೆಯ ಮೇಲೆ ಒಗೆದಿದ್ದ.

"ಸ್ಮಶಾನಕ್ಕೆ ಬರ್ತೀನಿ ಅಂದಿದ್ದೆ. ಗೇಟಿನ ಹತ್ರ ಎಷ್ಟು ಹೊತ್ತು ಕಾದೆ ಗೊತ್ತಾ ನಿನಗೆ?"

"ಬರೋನೇ ಇದ್ದೆ. ಬಲ್ಲಾರೊ ಸಂತೇಲಿ ಇವ್ರು ಸಕ್ಕರೆ ಬೊಂಬೆ ನೋಡಿ, ಇದನ್ನ ಮನೇಲಿ ಹೇಗಿಡ್ತಾರೆ ಅಂತ ಕೇಳಿದ್ರು. ಇಲ್ಲೇ ಹತ್ರ ಅಲ್ವಾ ಅಂತ..."

"ಅಂತ ಅಮ್ಮನ ಎಡೆ ಎತ್ತಿ ಕೊಟ್ಟೆ."

ವರ್ಷಕ್ಕೊಮ್ಮೆ ಸತ್ತವರು ಮನೆಗೆ ಬರುವ ರಾತ್ರಿ ಇಟ್ಟ ಎಡೆಯನ್ನು, ಬೆಳಿಗ್ಗೆ ಸ್ಮಶಾನಕ್ಕೆ ಹೋಗಿ ಹೂವಿಟ್ಟು, ಅವರನ್ನು ಬೀಳ್ಕೊಟ್ಟು ಬಂದ ಮೇಲೆಯೇ ಮನೆಯವರು ಮುಟ್ಟಬೇಕು. ಅಲ್ಲಿಯವರೆಗೆ ಕುರ್ಚಿ ಅವರದು, ತಟ್ಟೆ ಅವರದು. ಅಜ್ಜಿ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದಳು. "ಮೊದಲ ವರ್ಷದ ಎಡೆ ಬಲು ಸೂಕ್ಷ್ಮ ಕಣೇ ಮಗಳೇ. ಸತ್ತೋರಿಗೆ ದಾರಿ ಇನ್ನೂ ಹೊಸದು. ತಮ್ಮ ತಟ್ಟೇಲಿ ಪರರ ಕೈ ಕಂಡ್ರೆ, ಮನೆ ಮಾರಿಬಿಟ್ರು ಅಂದ್ಕೊಂಡು ಬೀದಿಯಿಂದ್ಲೇ ತಿರುಗಿ ಹೋಗ್ತಾರೆ. ಆಮೇಲೆ ಕೂಗಿ ಕರೆದ್ರೂ ಬರಲ್ಲ."

ಅಮ್ಮ ಹೋದದ್ದು ಈ ವಸಂತದಲ್ಲಿ. ಇದು ಮೊದಲ ಎಡೆ. ಓಣಿಯ ಬಾಗಿಲು ಬಾಗಿಲಿಗೂ ಬಾಡಿಗೆಗೆ ಬರುವ ಪ್ರವಾಸಿಗಳಿಗಾಗಿ ಬೀಗದ ಕೈ ಇಡುವ ಪುಟ್ಟ ಕಬ್ಬಿಣದ ಡಬ್ಬಿಗಳು ನೇತಾಡುತ್ತಿದ್ದವು. ಇಲ್ಲದ್ದು ಈ ಬಾಗಿಲೊಂದಕ್ಕೇ. ಅಮ್ಮನಿಗೆ ಗುರುತು ಸಿಕ್ಕಲೆಂದು ನಿನ್ಫಾ ರಾತ್ರಿ ಕಿಟಕಿಯಲ್ಲಿ ದೀಪವನ್ನೂ ಇಟ್ಟಿದ್ದಳು.

"ಎಬ್ಬಿಸು ಇವ್ರನ್ನ," ಅಂದಳು.

"ಅಕ್ಕ, ಮೆಲ್ಲಗೆ. ರಾತ್ರಿ ಕಳೀತಲ್ಲ, ಅಮ್ಮ ಬಂದು ಹೋಗಿರ್ತಾಳೆ ಬಿಡು. ಅಷ್ಟಕ್ಕೂ ಅವಳು ಬದುಕಿದ್ದಾಗ ಯಾರನ್ನಾದ್ರೂ ಹಸಿದು ಕಳ್ಸಿದ್ದುಂಟಾ? ಇವ್ರನ್ನ ಕಂಡಿದ್ರೆ ಅವಳೇ ಕೈ ಹಿಡಿದು ಕೂರಿಸ್ತಿದ್ಲು."

ಆ ಮಾತು ನಿಜವಾಗಿತ್ತು. ನಿಜವಾಗಿತ್ತು ಅಂತಲೇ ನಿನ್ಫಾಳ ಮೈ ಉರಿದುಹೋಯಿತು.

"ಹೌದು ಕಣೋ, ಅವಳು ಬಡಿಸೋಳು. ನೀನು ಅವಳ ತಟ್ಟೇನೇ ಬಡಿಸಿದೀಯ."

ಪ್ರವಾಸಿಗಳು ಇಬ್ಬರ ಮುಖವನ್ನೂ ನೋಡಿ ನಗು ತಂದುಕೊಂಡರು. ಹಳದಿ ಶಾಲಿನವಳು ತನ್ನ ಭಾಷೆಯಲ್ಲಿ ಏನೋ ಕೇಳಿದಳು.

"ಏನಂತೆ?"

"ನೀನು ಏನ್ ಹೇಳ್ತಿದ್ದೀಯ ಅಂತ ಕೇಳ್ತಿದಾಳೆ."

"ಹೇಳು ಹಾಗಾದ್ರೆ. ಈ ಕುರ್ಚಿ ನಮ್ಮಮ್ಮಂದು. ಇದು ಅವಳ ಮೊದಲನೇ ಊಟ. ನಾವು ಕಳಿಸಿಕೊಟ್ಟು ಬರೋ ಮುಂಚೇನೇ ನೀವು ತಿಂದುಬಿಟ್ರಿ. ಇನ್ನು ಅವಳಿಗೆ ಈ ಮನೆ ಇಲ್ಲ. ಹೇಳು."

ನೂನ್ಸಿಯೊ ಗಂಟಲು ಸರಿಮಾಡಿಕೊಂಡು, ಕೈ ಆಡಿಸಿ ಉದ್ದಕ್ಕೆ ಏನೋ ಹೇಳಿದ. ನಾಲ್ವರೂ ಆಹಾ ಅಂದರು. ಒಬ್ಬ ಚಪ್ಪಾಳೆ ತಟ್ಟಿದ. ಹಳದಿ ಶಾಲಿನವಳು ಅಮ್ಮನ ಲೋಟವನ್ನು ನಿನ್ಫಾಳತ್ತ ಎತ್ತಿ, ಆರೋಗ್ಯಕ್ಕೆ ಅನ್ನುವ ಹಾಗೆ ಒಂದು ಗುಟುಕು ಕುಡಿದಳು.

"ಚಪ್ಪಾಳೆ ತಟ್ಟೋ ಅಂಥದ್ದು ನಾನೇನೂ ಹೇಳ್ಲಿಲ್ಲ," ಅಂದಳು ನಿನ್ಫಾ.

ನೂನ್ಸಿಯೊ ಮೇಜಿನ ಬಟ್ಟೆಯ ಮೇಲಿನ ಎಳ್ಳನ್ನು ಬೆರಳಲ್ಲಿ ಒತ್ತುತ್ತಾ ಕೂತ.

ನಿನ್ಫಾ ಅಮ್ಮನ ಕೋಣೆಗೆ ಹೋದಳು. ಮೊದಲು ಆ ಕೆಂಪು ಕೊಡೆಯನ್ನು ತೆಗೆದು ನೆಲಕ್ಕೆ ಎಸೆದಳು. ಆಮೇಲೆ ಬೀರುವಿನ ತಳದಲ್ಲಿ, ಉಣ್ಣೆ ಶಾಲುಗಳ ಅಡಿಗೆ ಕೈ ಹಾಕಿದಳು. ಸತ್ತವರು ಬರುವ ರಾತ್ರಿ ಮನೆಯ ತುರಿಮಣೆಯನ್ನು ಹೊರಗೆ ಬಿಡಬಾರದು. ಬಿಟ್ಟರೆ, ತಪ್ಪು ಮಾಡಿದವರ ಅಂಗಾಲನ್ನು ಅವರು ಚೀಸ್ ತುರಿದ ಹಾಗೆ ತುರಿದು ಹೋಗುತ್ತಾರೆ. ಚಿಕ್ಕಂದಿನಲ್ಲಿ ನೂನ್ಸಿಯೊ ತಾನೇ ಬಚ್ಚಿಡದೆ ಮಲಗುತ್ತಿರಲಿಲ್ಲ. ಬಚ್ಚಿಟ್ಟ ಮೇಲೂ ಕಾಲಿಗೆ ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು, ಅಕ್ಕನ ಬೆನ್ನಿಗೆ ಅಂಟಿ, "ಗಟ್ಟಿಯಾಗಿ ಬಚ್ಚಿಟ್ಟಿದೀನಿ ಅಲ್ವಾ ಅಕ್ಕ?" ಅಂತ ಕೇಳಿ ಕೇಳಿ ಪ್ರಾಣ ತಿನ್ನುತ್ತಿದ್ದ. ಐವತ್ತರ ಹತ್ತಿರ ಬಂದರೂ ನಿನ್ಫಾ ಈ ಸಲವೂ ಅದೇ ಜಾಗದಲ್ಲಿಟ್ಟಿದ್ದಳು. ಅಭ್ಯಾಸ.

ಡಬ್ಬಿಯ ಹಾಗೆ ನೆಟ್ಟಗೆ ನಿಲ್ಲುವ ತಗಡಿನ ತುರಿಮಣೆ. ಅಮ್ಮನ ಕೈ ಸವೆಸಿ ಸವೆಸಿ ಒಂದು ಬದಿ ನುಣ್ಣಗಾಗಿತ್ತು, ಇನ್ನೊಂದು ಬದಿ ಇನ್ನೂ ಮುಳ್ಳು ಮುಳ್ಳು. ಅದನ್ನು ತಂದು ಮೇಜಿನ ಮೇಲೆ, ತಮ್ಮನ ಎದುರಿಗೆ, ಮುಳ್ಳಿನ ಬದಿ ಅವನ ಕಡೆಗಾಗುವಂತೆ ನಿಲ್ಲಿಸಿದಳು.

"ಈಗ ಹೇಳು. ನಾನು ಹೇಳಿದ್ದನ್ನೇ ಹೇಳು."

"ಅಕ್ಕ, ಇದೆಲ್ಲ ಮಕ್ಕಳಾಟ..."

"ಮಕ್ಕಳಾಟ ತಾನೇ? ಹೇಳೋಕೆ ಏನು ಕಷ್ಟ?"

ಅವನು ತುರಿಮಣೆಯನ್ನೇ ನೋಡಿದ. ಅದರ ತೂತುಗಳಲ್ಲಿ ಹಳೆಯ ಚೀಸಿನ ಚೂರು ಒಣಗಿ ಕೂತಿತ್ತು. ಅದು ಅಮ್ಮ ಕೊನೆಯ ಸಲ ತುರಿದದ್ದು, ನಿನ್ಫಾ ತೊಳೆದಿರಲಿಲ್ಲ. ನೂನ್ಸಿಯೊ ಮಾತು ಶುರುಮಾಡಿದ. ಈ ಸಲ ಕೈ ಆಡಲಿಲ್ಲ. ಮಾತು ಚಿಕ್ಕದಾಗಿತ್ತು, ನಡುವೆ ಎರಡು ಸಲ ನಿಂತಿತು. 'ಮಮ್ಮಾ' ಅನ್ನುವುದೊಂದು ನಿನ್ಫಾಳಿಗೆ ತಿಳಿಯಿತು.

ಯಾರೂ ನಗಲಿಲ್ಲ. ಹಳದಿ ಶಾಲಿನವಳು ಕೈಯಲ್ಲಿದ್ದ ಸಕ್ಕರೆಯ ತುಂಡನ್ನು ಸವಾರನ ಮುರಿದ ಭುಜಕ್ಕೆ ಹೊಂದಿಸಲು ನೋಡಿದಳು. ಅದು ನಿಲ್ಲಲಿಲ್ಲ. ತಟ್ಟೆಯ ಅಂಚಿಗೆ ಇಟ್ಟು, ಸದ್ದಾಗದಂತೆ ಕುರ್ಚಿಯಿಂದೆದ್ದಳು. ಉಳಿದವರೂ ಎದ್ದು, ಮೆಟ್ಟಿಲ ಕಡೆಗೆ ಸರಿದರು.

"ನಾನು ಅವ್ರನ್ನ ಬಿಟ್ಟು ಬರ್ತೀನಿ," ಅಂದ ನೂನ್ಸಿಯೊ.

"ಕೂತ್ಕೋ. ಅವ್ರಿಗೆ ದಾರಿ ಗೊತ್ತು. ದಾರಿ ತಪ್ಪಿರೋಳು ಬೇರೆ ಇದಾಳೆ."

ಅವನು ಕೂತ. ನಿನ್ಫಾ ಅಮ್ಮನ ಲೋಟ ತೆಗೆದುಕೊಂಡು ತೊಟ್ಟಿಯ ಹತ್ತಿರ ಹೋಗಿ, ಅಂಚಿನ ಬಣ್ಣವನ್ನು ಉಜ್ಜತೊಡಗಿದಳು. ಉಜ್ಜಿದಳು, ಮತ್ತೆ ಉಜ್ಜಿದಳು. ತುರಿಮಣೆ ಮೇಜಿನ ಮೇಲೆ ಹಾಗೇ ನಿಂತಿತ್ತು. ತಿರುಗಿ ನೋಡಿದಾಗ, ಮೇಜಿನ ಬಟ್ಟೆಯ ಕೆಳಗೆ ತಮ್ಮನ ಹೊಳೆಯುವ ಕಂದು ಬೂಟುಗಳು ಕಂಡವು. ಮೊದಲು ಒಂದು, ಆಮೇಲೆ ಇನ್ನೊಂದು, ನೆಲ ಬಿಟ್ಟು ಮೆಲ್ಲಗೆ ಹಿಂದೆ ಸರಿದು ಕುರ್ಚಿಯ ಅಡ್ಡಪಟ್ಟಿಯ ಮೇಲೇರಿ ಮುದುರಿಕೊಂಡವು.